ಶಾಫ್ಟ್‌ನ ಕೋಟು: ಹಳೆಯ ಪತ್ತೇದಾರನನ್ನು ಮತ್ತೆ ತೆರೆಗೆ ತರಲು ಹೊರಟವರಿಗೆ ಬಹಿರಂಗ ಪತ್ರ

ಕನ್ನಡದ ಚಿತ್ರಕಥೆಗಾರರಿಗೆ, ನಿರ್ದೇಶಕರಿಗೆ, ಬಂಡವಾಳ ಹೂಡುವವರಿಗೆ,

1971ರ ‘ಶಾಫ್ಟ್’ ಚಿತ್ರ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಕಡೆಯ ಬೀದಿಗಳನ್ನು ಮೇಲಿನಿಂದ ನೋಡುತ್ತ ಶುರುವಾಗುತ್ತದೆ. ಚಳಿಗಾಲದ ಮಂಕು ಬೆಳಕು. ಸಾಲು ಚಿತ್ರಮಂದಿರಗಳ ಹಣೆಯ ಮೇಲೆ ಬೇರೆ ಯಾರದೋ ಸಿನಿಮಾಗಳ ಹೆಸರುಗಳು. ನೆಲದಡಿಯ ರೈಲು ನಿಲ್ದಾಣದ ಮೆಟ್ಟಿಲೇರಿ, ಕಂದು ಚರ್ಮದ ಉದ್ದ ಕೋಟು ತೊಟ್ಟ ಕಪ್ಪು ಮನುಷ್ಯನೊಬ್ಬ ಹೊರಗೆ ಬರುತ್ತಾನೆ. ವಾಹನಗಳು ನಿಲ್ಲಲಿ ಎಂದು ಕಾಯದೆ ರಸ್ತೆಗೆ ಇಳಿಯುತ್ತಾನೆ. ಮೈಮೇಲೆ ಬರುವ ಕಾರಿನವನಿಗೆ ಒಂದು ಬೈಗುಳ ಎಸೆದು ಮುಂದೆ ಹೋಗುತ್ತಾನೆ. ಬೀದಿಯಲ್ಲಿ ಕದ್ದ ಗಡಿಯಾರ ಮಾರಲು ಬಂದವನಿಗೆ ತನ್ನ ಗುರುತಿನ ಚೀಟಿ ತೋರಿಸುತ್ತಾನೆ. ಅವನು ಕಾಲಿಗೆ ಬುದ್ಧಿ ಹೇಳುತ್ತಾನೆ. ಪತ್ರಿಕೆ ಮಾರುವ ಕುರುಡ ಮಾರ್ಟಿ, ಇಬ್ಬರು ನಿನ್ನನ್ನು ಕೇಳಿಕೊಂಡು ಬಂದಿದ್ದರು ಎಂದು ಸುದ್ದಿ ಕೊಡುತ್ತಾನೆ. ಹಿಂದೆ ಐಸಾಕ್ ಹೇಯ್ಸ್ ಅವರ ಸಂಗೀತ. ನಾಯಕನ ಎಂಟ್ರಿ ಎಂದರೆ ಇಷ್ಟೇ: ಒಂದು ನಡಿಗೆ. ಫೈಟ್ ಇಲ್ಲ, ಸ್ಲೋ ಮೋಷನ್ ಇಲ್ಲ, ಬಾಗಿಲು ಒಡೆದು ಬರುವುದಿಲ್ಲ. ಆದರೂ ಆ ನಾಲ್ಕೈದು ನಿಮಿಷ ಮುಗಿಯುವ ಹೊತ್ತಿಗೆ, ಈ ಊರು ಇವನದು ಎಂಬುದು ನೋಡುವವರಿಗೆ ಗೊತ್ತಾಗಿರುತ್ತದೆ.

ಈ ಚಿತ್ರವನ್ನು ಹಾಲಿವುಡ್ ಎರಡು ಸಲ ಮತ್ತೆ ಎಬ್ಬಿಸಿತು: 2000ದಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ. ಎರಡು ಸಲವೂ ಹೊಸ ಹೆಸರಿಡಲಿಲ್ಲ, ಸಂಖ್ಯೆ ಹಾಕಲಿಲ್ಲ. ಮೂರೂ ಚಿತ್ರಗಳ ಹೆಸರು ‘ಶಾಫ್ಟ್’ ಎಂದೇ. ಎರಡರಲ್ಲೂ ಹಳೆಯ ಕೋಟು ಇದೆ, ಹಳೆಯ ರಾಗ ಇದೆ, ಹಳೆಯ ನಟ ರಿಚರ್ಡ್ ರೌಂಡ್‌ಟ್ರೀ ಅವರೇ ಇದ್ದಾರೆ. ಒಂದು ತಕ್ಕಮಟ್ಟಿಗೆ ಓಡಿತು, ಇನ್ನೊಂದು ಮುಗ್ಗರಿಸಿತು. ಹಳೆಯ ಪತ್ತೇದಾರಿ ಚಿತ್ರವೊಂದನ್ನು ಮತ್ತೆ ತೆರೆಗೆ ತರುವಾಗ ಏನು ಬರುತ್ತದೆ, ಏನು ಹಿಂದೆಯೇ ಉಳಿಯುತ್ತದೆ ಎಂಬುದಕ್ಕೆ ಇಷ್ಟು ಬಿಚ್ಚಿಟ್ಟ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ.

ಮೊದಲ ಚಿತ್ರದ ನಿರ್ದೇಶಕ ಗಾರ್ಡನ್ ಪಾರ್ಕ್ಸ್ ಸಿನಿಮಾದವರಿಗಿಂತ ಮೊದಲು ಛಾಯಾಗ್ರಾಹಕರು. 1912ರಲ್ಲಿ ಕ್ಯಾನ್ಸಸ್ ರಾಜ್ಯದ ಫೋರ್ಟ್ ಸ್ಕಾಟ್ ಎಂಬ ಊರಿನಲ್ಲಿ, ಹದಿನೈದು ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿದರು. ಗಿರವಿ ಅಂಗಡಿಯಲ್ಲಿ ಕೊಂಡ ಕ್ಯಾಮೆರಾದಲ್ಲಿ ಕೆಲಸ ಕಲಿತರು. 1942ರಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯ ಕಸ ಗುಡಿಸುವ ಕಪ್ಪು ಹೆಂಗಸನ್ನು, ಒಂದು ಕೈಯಲ್ಲಿ ಪೊರಕೆ ಕೊಟ್ಟು, ರಾಷ್ಟ್ರಧ್ವಜದ ಮುಂದೆ ನಿಲ್ಲಿಸಿ ತೆಗೆದ ಚಿತ್ರ ಅವರ ಹೆಸರನ್ನು ಶಾಶ್ವತಗೊಳಿಸಿತು. 1948ರಲ್ಲಿ ‘ಲೈಫ್’ ಪತ್ರಿಕೆಗಾಗಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಒಂದು ಪುಂಡರ ಗುಂಪಿನ ಹದಿಹರೆಯದ ನಾಯಕನ ಹಿಂದೆ ವಾರಗಟ್ಟಲೆ ಅಲೆದು ಚಿತ್ರಗಳನ್ನು ತೆಗೆದರು. ಆ ಪತ್ರಿಕೆಯ ಮೊದಲ ಕಪ್ಪು ಛಾಯಾಗ್ರಾಹಕರಾದರು. 1969ರಲ್ಲಿ ತಮ್ಮದೇ ಕಾದಂಬರಿಯನ್ನು ಆಧರಿಸಿ ‘ದಿ ಲರ್ನಿಂಗ್ ಟ್ರೀ’ ಮಾಡಿದರು. ಹಾಲಿವುಡ್ಡಿನ ದೊಡ್ಡ ಸ್ಟುಡಿಯೊವೊಂದಕ್ಕೆ ಕಪ್ಪು ನಿರ್ದೇಶಕರೊಬ್ಬರು ಮಾಡಿಕೊಟ್ಟ ಮೊದಲ ಚಿತ್ರ ಅದು. ‘ಶಾಫ್ಟ್’ ಕೈಗೆತ್ತಿಕೊಂಡಾಗ ಅವರಿಗೆ ಐವತ್ತೆಂಟು.

ಇಷ್ಟು ಹಿನ್ನೆಲೆ ಹೇಳಬೇಕಾದದ್ದು ಒಂದು ಕಾರಣಕ್ಕೆ. ‘ಶಾಫ್ಟ್’ ಕಥೆಯಲ್ಲಿ ಹೇಳಿಕೊಳ್ಳುವಂಥ ಹೊಸತೇನೂ ಇಲ್ಲ. ಖಾಸಗಿ ಪತ್ತೇದಾರನೊಬ್ಬ, ಅಪಹರಣವಾದ ಹುಡುಗಿ, ಎರಡು ಗ್ಯಾಂಗುಗಳು, ನಡುವೆ ಸಿಕ್ಕಿಬಿದ್ದ ಪೊಲೀಸರು: ಇವೆಲ್ಲ ಅಮೆರಿಕದ ಅಗ್ಗದ ಪತ್ತೇದಾರಿ ಪುಸ್ತಕಗಳಲ್ಲಿ ಸವೆದುಹೋದ ಸರಕು. ಆ ಸರಕನ್ನು ಮೂವತ್ತು ವರ್ಷ ಬೀದಿಗಳನ್ನು ನೋಡಿದ ಕಣ್ಣು ನೋಡಿತು. ಕೆಸರಾದ ಹಿಮ, ಕಾಫಿ ಹಬೆ, ಹಾರ್ಲೆಮ್‌ನ ಮುರುಕು ಮೆಟ್ಟಿಲು, ಬೀದಿ ಬದಿಯ ಬೆಂಕಿ ಎಲ್ಲವೂ ಕಥೆಗಿಂತ ಗಟ್ಟಿಯಾಗಿ ನಿಂತವು. ಖರ್ಚು ಉಳಿಸಲು ಚಿತ್ರೀಕರಣವನ್ನು ಲಾಸ್ ಏಂಜಲೀಸ್‌ಗೆ ಒಯ್ಯಬೇಕೆಂಬ ಮಾತು ಸ್ಟುಡಿಯೊದಿಂದ ಬಂದಾಗ ಪಾರ್ಕ್ಸ್ ಒಪ್ಪಲಿಲ್ಲ. ನಾಯಕನ ಮೀಸೆ ಬೋಳಿಸಬೇಕೆಂದಾಗಲೂ ಒಪ್ಪಲಿಲ್ಲ. ಆ ಕಾಲದ ಹಾಲಿವುಡ್‌ನಲ್ಲಿ ಕಪ್ಪು ನಾಯಕನಿಗೆ ಸಾಮಾನ್ಯವಾಗಿ ಮೀಸೆ ಇರುತ್ತಿರಲಿಲ್ಲ. ರೌಂಡ್‌ಟ್ರೀ ಅದುವರೆಗೆ ಫ್ಯಾಷನ್ ಮಾಡೆಲ್ ಆಗಿದ್ದವರು, ಸಿನಿಮಾಕ್ಕೆ ಹೆಚ್ಚುಕಡಿಮೆ ಹೊಸಬರು. ಮೀಸೆ ಉಳಿಯಿತು.

ಕಥೆ ಬರೆದವರು ಅರ್ನೆಸ್ಟ್ ಟೈಡಿಮನ್, ಕ್ಲೀವ್‌ಲ್ಯಾಂಡಿನ ಬಿಳಿಯ ಪತ್ರಕರ್ತ. 1970ರಲ್ಲಿ ಅವರ ‘ಶಾಫ್ಟ್’ ಕಾದಂಬರಿ ಬಂತು. ಮರುವರ್ಷ ಅವರೇ ಚಿತ್ರಕಥೆಯ ಕೆಲಸದಲ್ಲೂ ಇದ್ದರು. ಅದೇ ವರ್ಷ ಅವರು ಬರೆದ ಇನ್ನೊಂದು ನ್ಯೂಯಾರ್ಕ್ ಪತ್ತೇದಾರಿ ಚಿತ್ರ ‘ದಿ ಫ್ರೆಂಚ್ ಕನೆಕ್ಷನ್’ಗೆ ಆಸ್ಕರ್ ಬಂತು. ಎರಡು ಚಿತ್ರಗಳನ್ನೂ ಒಟ್ಟಿಗೆ ಇಟ್ಟು ನೋಡುವುದು ಒಳ್ಳೆಯದು. ‘ಫ್ರೆಂಚ್ ಕನೆಕ್ಷನ್’ನ ಪೊಪೈ ಡಾಯ್ಲ್ ಪೊಲೀಸ್ ಇಲಾಖೆಯ ಮನುಷ್ಯ, ಎಷ್ಟೇ ಒರಟಾಗಿದ್ದರೂ ಅವನ ಬೆನ್ನ ಹಿಂದೆ ಇಲಾಖೆ ಇದೆ. ಶಾಫ್ಟ್‌ನ ಬೆನ್ನ ಹಿಂದೆ ಯಾರೂ ಇಲ್ಲ.

ಚಿತ್ರದ ನಿಜವಾದ ಎಂಜಿನ್ ಇದೇ. ಹಾರ್ಲೆಮ್‌ನ ಡಾನ್ ಬಂಪಿ ಜೋನಾಸ್ ತನ್ನ ಮಗಳನ್ನು ಹುಡುಕಿಕೊಡು ಎಂದು ಶಾಫ್ಟ್‌ನ ಬಳಿ ಬರುತ್ತಾನೆ. ಹೋರಾಟಗಾರರ ಗುಂಪಿನ ನಾಯಕ, ಹಳೆಯ ಗೆಳೆಯ ಬೆನ್ ಬುಫರ್ಡ್‌ನ ಕಣ್ಣಿಗೆ ಶಾಫ್ಟ್ ಹೋರಾಟ ಬಿಟ್ಟುಹೋದವನು. ಪೊಲೀಸ್ ಅಧಿಕಾರಿ ವಿಕ್ ಆಂಡ್ರೋಜಿಗೆ ಶಾಫ್ಟ್ ಬೇಕು, ಆದರೆ ಪೂರ್ತಿ ನಂಬಿಕೆ ಇಲ್ಲ. ಇಟಲಿ ಮೂಲದ ಮಾಫಿಯಾಕ್ಕೆ ಅವನು ಅಡ್ಡಿ. ನಾಲ್ವರೂ ಅವನನ್ನು ತಮ್ಮ ಕಡೆಗೆ ಎಳೆಯುತ್ತಾರೆ. ಅವನು ಯಾರ ಕಡೆಯವನೂ ಆಗುವುದಿಲ್ಲ, ಎಲ್ಲರಿಂದಲೂ ಕೆಲಸ ಮಾಡಿಸಿಕೊಳ್ಳುತ್ತಾನೆ. ಟೈಮ್ಸ್ ಸ್ಕ್ವೇರ್ ಬಳಿ ಸ್ವಂತ ಆಫೀಸು, ಗ್ರೀನಿಚ್ ವಿಲೇಜ್‌ನಲ್ಲಿ ಮನೆ. 1971ರ ಕಪ್ಪು ಪ್ರೇಕ್ಷಕ ತೆರೆಯ ಮೇಲೆ ನೋಡಿದ ಹೊಸತು ಬಂದೂಕಲ್ಲ, ಈ ಬಾಡಿಗೆ ಕರಾರು. ತನ್ನ ದುಡಿಮೆಗೆ ತಾನೇ ದರ ಹೇಳುವ ಮನುಷ್ಯ.

ಇಂಥ ಸಂಬಂಧವನ್ನು ಎರಡೇ ಸಾಮಾನಿನಲ್ಲಿ ತೋರಿಸುವ ದೃಶ್ಯವೊಂದಿದೆ. ಆಂಡ್ರೋಜಿ ಮಾತಿನ ನಡುವೆ ಒಂದು ಕಪ್ಪು ಪೆನ್ನು ಎತ್ತಿ ಶಾಫ್ಟ್‌ನ ಕೆನ್ನೆಯ ಪಕ್ಕ ಹಿಡಿಯುತ್ತಾನೆ: ನೀನೇನು ಅಷ್ಟು ಕಪ್ಪಲ್ಲ ಬಿಡು ಎಂಬ ಅರ್ಥ. ಶಾಫ್ಟ್ ಮೇಜಿನ ಮೇಲಿನ ಬಿಳಿ ಕಾಫಿ ಕಪ್ಪನ್ನು ಎತ್ತಿ ಆಂಡ್ರೋಜಿಯ ಮುಖದ ಪಕ್ಕ ಹಿಡಿಯುತ್ತಾನೆ. ನೀನೂ ಅಷ್ಟು ಬಿಳಿಯಲ್ಲ. ಇಬ್ಬರೂ ಅಷ್ಟಕ್ಕೇ ಬಿಡುತ್ತಾರೆ. ಇನ್ನೊಂದು ಕಡೆ ಶಾಫ್ಟ್ ಕೈ ಅಡ್ಡ ಹಾಕಿದರೂ ಟ್ಯಾಕ್ಸಿ ಅವನನ್ನು ದಾಟಿ ಹೋಗಿ ಬಿಳಿಯ ಗಿರಾಕಿಯನ್ನು ಹತ್ತಿಸಿಕೊಳ್ಳುತ್ತದೆ. ಊರು ಇವನದು ಎಂದು ಮೊದಲ ದೃಶ್ಯದಲ್ಲಿ ಹೇಳಿದ ಚಿತ್ರವೇ, ಪೂರ್ತಿ ಇವನದಲ್ಲ ಎಂದೂ ಹೇಳುತ್ತದೆ. ಯಾರೂ ಭಾಷಣ ಮಾಡುವುದಿಲ್ಲ. ಕ್ಯಾಮೆರಾ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ.

ಬಾರ್‌ನ ದೃಶ್ಯವೂ ನೆನಪಿಡುವಂಥದ್ದು. ತನ್ನ ಮನೆಯ ಮೇಲೆ ಕಣ್ಣಿಟ್ಟು ಎದುರಿನ ಬಾರ್‌ನಲ್ಲಿ ಕುಳಿತ ಮಾಫಿಯಾದ ಇಬ್ಬರನ್ನು ಶಾಫ್ಟ್ ಪತ್ತೆ ಮಾಡುತ್ತಾನೆ. ಗೆಳೆಯನಾದ ಬಾರ್ ಪರಿಚಾರಕನ ಜಾಗದಲ್ಲಿ ತಾನೇ ನಿಂತು ಅವರಿಗೆ ಮದ್ಯ ಸುರಿದು ಕೊಡುತ್ತಾನೆ, ಹರಟೆ ಹೊಡೆಯುತ್ತಾನೆ, ಪೊಲೀಸರಿಗೆ ಫೋನ್ ಮಾಡುತ್ತಾನೆ, ಕೊನೆಗೆ ಬಾಟಲಿಯಿಂದ ಬಾರಿಸುತ್ತಾನೆ. ಪತ್ತೇದಾರನೆಂದರೆ ತಲೆ ಓಡಿಸುವವನು ಎಂಬುದು ಇಲ್ಲಿ ಕಾಣುತ್ತದೆ. ಆ ಪರಿಚಾರಕ ಸಲಿಂಗಿ. ಶಾಫ್ಟ್ ಅದನ್ನು ಗಮನಿಸುವಂಥ ವಿಷಯ ಎಂದುಕೊಳ್ಳದೆ ಅವನೊಂದಿಗೆ ನಗುತ್ತಾನೆ. ಈ ಸಣ್ಣ ವಿವರ ಮುಂದೆ ಬೇಕಾಗುತ್ತದೆ.

ಚಿತ್ರಕ್ಕೆ ಕೊರತೆಗಳಿಲ್ಲ ಎಂದಲ್ಲ. ನಡುಭಾಗ ಜಗ್ಗುತ್ತದೆ. ಹೆಂಗಸರ ಪಾತ್ರಗಳು ಹಾಸಿಗೆಯ ಆಚೆಗೆ ಹೆಚ್ಚು ಹೋಗುವುದಿಲ್ಲ. ಕೊನೆಗೆ ಹೋಟೆಲಿನ ಕಿಟಕಿಯಿಂದ ಹಗ್ಗ ಹಿಡಿದು ನುಗ್ಗುವ ಸಾಹಸವೊಂದೇ ನಿಜವಾದ ದೊಡ್ಡ ಫೈಟ್. ಇಂದಿನ ಲೆಕ್ಕದಲ್ಲಿ ಆ್ಯಕ್ಷನ್ ಚಿತ್ರವೆನ್ನಲು ಕೆಲವರು ಹಿಂಜರಿದಾರು.

ಸಂಗೀತದ ಮಾತು ಬೇರೆಯೇ ಹೇಳಬೇಕು. ತೆರೆದು ಮುಚ್ಚುವ ತಾಳದಂಥ ಹೈ-ಹ್ಯಾಟ್ ಚುರುಕಾಗಿ ಚಟಗುಟ್ಟುತ್ತ ಶುರುವಾಗುತ್ತದೆ. ಅದರ ಮೇಲೆ ಸ್ಕಿಪ್ ಪಿಟ್ಸ್ ನುಡಿಸಿದ ಗಿಟಾರ್, ‘ವಾ-ವಾ’ ಪೆಡಲ್ ತುಳಿತಕ್ಕೆ ಮಗು ಬಾಯಿ ತೆರೆದು ಮುಚ್ಚಿದಂತೆ ದನಿ ಮಾಡುತ್ತದೆ. ಕೊಳಲು, ಕಹಳೆ, ತಂತಿವಾದ್ಯಗಳು ಒಂದರ ಹಿಂದೆ ಒಂದು ಸೇರಿಕೊಳ್ಳುತ್ತವೆ. ಧ್ವನಿಸುರುಳಿಯಲ್ಲಿ ಎರಡೂವರೆ ನಿಮಿಷ ದಾಟುವವರೆಗೆ ಹಾಡುಗಾರ ಬಾಯಿ ತೆರೆಯುವುದೇ ಇಲ್ಲ. ಹಾಡು ಬಂದಾಗಲೂ ಅದು ಹಾಡುವುದಕ್ಕಿಂತ ಮಾತಾಡುವುದೇ ಹೆಚ್ಚು. ಹಿಂದಿನಿಂದ ಹೆಣ್ಣುದನಿಗಳು ಉತ್ತರಿಸುತ್ತವೆ. ನಾಯಕನ ಗುಣಗಾನ ಮಾಡುವ ಹಾಡೊಂದು ಇಷ್ಟು ತಾಳ್ಮೆಯಿಂದ ಕಾಯುವುದು ಅಪರೂಪ. 1971ರ ನವೆಂಬರಿನಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 1972ರಲ್ಲಿ ಅದಕ್ಕೆ ಅತ್ಯುತ್ತಮ ಗೀತೆಯ ಆಸ್ಕರ್ ಬಂತು. ಆ ವಿಭಾಗದಲ್ಲಿ ಗೆದ್ದ ಮೊದಲ ಕಪ್ಪು ಕಲಾವಿದ ಹೇಯ್ಸ್. ಸಮಾರಂಭಕ್ಕೆ ಅವರು ಜೊತೆಗೆ ಕರೆದುಕೊಂಡು ಬಂದದ್ದು ತಮ್ಮ ಅಜ್ಜಿಯನ್ನು.

ಸಣ್ಣ ಬಂಡವಾಳದ ಈ ಚಿತ್ರ ಒಂದು ಕೋಟಿ 20 ಲಕ್ಷ ಡಾಲರಿಗೂ ಹೆಚ್ಚು ಗಳಿಸಿ, ಆಗ ಹಣದ ಮುಗ್ಗಟ್ಟಿನಲ್ಲಿದ್ದ ಎಂ.ಜಿ.ಎಂ. ಸ್ಟುಡಿಯೊಗೆ ಉಸಿರು ಕೊಟ್ಟಿತು. ಅದೇ ವರ್ಷ ಕೆಲವು ತಿಂಗಳ ಮೊದಲು ಮೆಲ್ವಿನ್ ವ್ಯಾನ್ ಪೀಬಲ್ಸ್ ಸ್ಟುಡಿಯೊಗಳ ಹಂಗಿಲ್ಲದೆ ಮಾಡಿದ ‘ಸ್ವೀಟ್ ಸ್ವೀಟ್‌ಬ್ಯಾಕ್ಸ್ ಬ್ಯಾಡ್ಯಾಸ್ ಸಾಂಗ್’ ಕೂಡ ಚೆನ್ನಾಗಿ ಓಡಿತ್ತು. ಕಪ್ಪು ಪ್ರೇಕ್ಷಕರು ದುಡ್ಡು ಕೊಟ್ಟು ಬರುತ್ತಾರೆ ಎಂಬುದು ಗೊತ್ತಾದ ಕೂಡಲೇ ಸ್ಟುಡಿಯೊಗಳು ಅದೇ ಅಚ್ಚಿನ ಚಿತ್ರಗಳನ್ನು ಸಾಲುಸಾಲಾಗಿ ತಂದವು. 1972ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆಯ ಜೂನಿಯಸ್ ಗ್ರಿಫಿನ್ ಈ ಅಲೆಗೆ ‘ಬ್ಲ್ಯಾಕ್ಸ್‌ಪ್ಲಾಯ್ಟೇಷನ್’ ಎಂಬ ಹೆಸರು ಕೊಟ್ಟರು. ಕಪ್ಪು ಜನರ ಹೆಸರಿನಲ್ಲಿ ಅವರನ್ನೇ ಸುಲಿಯುವುದು ಎಂಬ ವ್ಯಂಗ್ಯ ಅದರಲ್ಲಿದೆ.

ಉತ್ತರಭಾಗಗಳು ಬೇಗ ದಣಿದವು. 1972ರ ‘ಶಾಫ್ಟ್ಸ್ ಬಿಗ್ ಸ್ಕೋರ್’ ಚಿತ್ರವನ್ನೂ ಪಾರ್ಕ್ಸ್ ನಿರ್ದೇಶಿಸಿದರು, ಸಂಗೀತವನ್ನೂ ತಾವೇ ಮಾಡಿದರು; ದೋಣಿ, ಹೆಲಿಕಾಪ್ಟರ್ ಬಂದವು. 1973ರ ‘ಶಾಫ್ಟ್ ಇನ್ ಆಫ್ರಿಕಾ’ದಲ್ಲಿ ನಿರ್ದೇಶಕರೂ ಬದಲಾದರು, ಊರೂ ಬದಲಾಯಿತು. ಅದೇ ವರ್ಷದ ಕೊನೆಗೆ ಸಿ.ಬಿ.ಎಸ್. ದೂರದರ್ಶನ ವಾಹಿನಿಯಲ್ಲಿ ಧಾರಾವಾಹಿಯಾಗಿ ಬಂತು. ಮನೆಮಂದಿಯೆಲ್ಲ ಕೂತು ನೋಡಲೆಂದು ಶಾಫ್ಟ್‌ನ ಬಾಯಿ ತೊಳೆಸಿ, ಪೊಲೀಸರ ಜೊತೆ ಸ್ನೇಹ ಮಾಡಿಸಿದರು. ಏಳು ಕಂತುಗಳಿಗೆ ಕಥೆ ಮುಗಿಯಿತು. ಮೊದಲ ಸಲ ಶಾಫ್ಟ್ ಸತ್ತದ್ದು ಇಲ್ಲಿ, ಗುಂಡೇಟಿನಿಂದಲ್ಲ. ಟೈಡಿಮನ್ ಮಾತ್ರ 1975ರ ಏಳನೆಯ ಕಾದಂಬರಿಯಲ್ಲಿ ಅವನನ್ನು ನಿಜವಾಗಿಯೇ ಕೊಂದು ಕೈತೊಳೆದುಕೊಂಡರು.

ಅಲ್ಲಿಂದ 2000ದ ಚಿತ್ರದವರೆಗಿನ ಕಾಲು ಶತಮಾನದಲ್ಲಿ ಮರುಸೃಷ್ಟಿ ಮಾಡುವವರು ಲೆಕ್ಕಕ್ಕೆ ಹಿಡಿಯಬೇಕಾದ ಒಂದು ಸಂಗತಿ ನಡೆಯಿತು. ಕೋಟು, ಮೀಸೆ, ವಾ-ವಾ ಗಿಟಾರ್ ಎಲ್ಲವೂ ತಮಾಷೆಯ ಸರಕಾದವು. 1988ರಲ್ಲಿ ಕೀನನ್ ಐವರಿ ವೇಯನ್ಸ್ ಆ ಅಲೆಯ ಚಿತ್ರಗಳನ್ನು ಲೇವಡಿ ಮಾಡಿ ‘ಐ ಆಮ್ ಗೊನಾ ಗಿಟ್ ಯು ಸಕ್ಕಾ’ ತೆಗೆದರು. ಅದರಲ್ಲಿ ಐಸಾಕ್ ಹೇಯ್ಸ್ ಅವರೇ ನಟಿಸಿದರು. 1997ರಿಂದ ಹೇಯ್ಸ್ ಅವರ ಆ ಗಂಭೀರ ಕಂಠ ‘ಸೌತ್ ಪಾರ್ಕ್’ ಎಂಬ ವ್ಯಂಗ್ಯ ಕಾರ್ಟೂನಿನಲ್ಲಿ ಅಡುಗೆಯವನ ಪಾತ್ರಕ್ಕೆ ಹೋಯಿತು. ಅಣಕ ಒಮ್ಮೆ ಜನಪ್ರಿಯವಾದ ಮೇಲೆ ಮೂಲವನ್ನು ಮೊದಲಿನ ಮುಖಭಾವದಿಂದ ತೋರಿಸಲು ಆಗುವುದಿಲ್ಲ. ಹಳೆಯ ಚಿತ್ರದ ಯಾವ ಭಾಗ ಈಗ ನಗು ತರಿಸುತ್ತದೆ ಎಂಬ ಪಟ್ಟಿ ಚಿತ್ರಕಥೆಗೆ ಮೊದಲೇ ಸಿದ್ಧವಾಗಬೇಕು.

2000ದ ಜೂನಿನಲ್ಲಿ ಬಂದ ಚಿತ್ರವನ್ನು ಮಾಡಿದವರು ಜಾನ್ ಸಿಂಗಲ್ಟನ್. ‘ಬಾಯ್ಸ್ ಎನ್ ದ ಹುಡ್’ ಚಿತ್ರಕ್ಕಾಗಿ ಇಪ್ಪತ್ನಾಲ್ಕನೆಯ ವಯಸ್ಸಿಗೇ ಆಸ್ಕರ್ ನಾಮನಿರ್ದೇಶನ ಪಡೆದ, ಆ ಸಾಲಿನಲ್ಲಿ ನಿಂತ ಮೊದಲ ಕಪ್ಪು ನಿರ್ದೇಶಕ. ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಹೊಸ ಶಾಫ್ಟ್, ಹಳೆಯ ಶಾಫ್ಟ್‌ನ ಅಣ್ಣನ ಅಥವಾ ತಮ್ಮನ ಮಗ; ರೌಂಡ್‌ಟ್ರೀ ಚಿಕ್ಕಪ್ಪ-ದೊಡ್ಡಪ್ಪನ ಸ್ಥಾನದಲ್ಲಿ. (ಇಂಗ್ಲಿಷಿನಲ್ಲಿ ಒಂದೇ ಶಬ್ದ ಇರುವುದರಿಂದ ಅವರಿಗೆ ಈ ತೊಂದರೆ ಇಲ್ಲ.) ಹಾರ್ಲೆಮ್‌ನ ಲೆನಾಕ್ಸ್ ಲೌಂಜ್‌ನಲ್ಲಿ ನಡೆಯುವ ದೃಶ್ಯದಲ್ಲಿ ಗಾರ್ಡನ್ ಪಾರ್ಕ್ಸ್ ಕೂಡ ಒಂದು ಕ್ಷಣ ಕಾಣಿಸಿಕೊಳ್ಳುತ್ತಾರೆ. ಗೌರವ ಸಲ್ಲಿಕೆಗೆ ಏನೂ ಕಡಿಮೆ ಮಾಡಲಿಲ್ಲ.

ಕಥೆಯ ಆರಂಭ ಗಟ್ಟಿಯಾಗಿದೆ. ಶ್ರೀಮಂತ ಬಿಳಿಯ ಯುವಕನೊಬ್ಬ ಬಾರ್‌ನ ಹೊರಗೆ ಕಪ್ಪು ಹುಡುಗನನ್ನು ಹೊಡೆದು ಕೊಲ್ಲುತ್ತಾನೆ. ಜಾಮೀನು ಸಿಗುತ್ತದೆ, ಸ್ವಿಟ್ಜರ್ಲೆಂಡಿಗೆ ಓಡುತ್ತಾನೆ. ಎರಡು ವರ್ಷದ ಮೇಲೆ ಸಿಕ್ಕಿಬಿದ್ದಾಗ ಮತ್ತೆ ಜಾಮೀನು. ಪೊಲೀಸ್ ಪತ್ತೇದಾರನಾಗಿರುವ ಶಾಫ್ಟ್ ಕೋರ್ಟಿನಲ್ಲೇ ತನ್ನ ಬಿಲ್ಲೆಯನ್ನು ನ್ಯಾಯಾಧೀಶನ ಕಡೆಗೆ ಬೀಸಿ ಎಸೆಯುತ್ತಾನೆ. ಅದು ಗೋಡೆಗೆ ನಾಟಿಕೊಳ್ಳುತ್ತದೆ. ಚಿತ್ರ ಬಿಡುಗಡೆಯಾದ ಕಾಲವನ್ನು ಇದರ ಜೊತೆ ಇಟ್ಟು ನೋಡಬೇಕು. 1999ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೊಲೀಸರು ನಿರಾಯುಧನಾಗಿದ್ದ ಅಮಾಡು ಡಿಯಾಲೊ ಎಂಬ ಯುವಕನ ಮೇಲೆ 41 ಗುಂಡು ಹಾರಿಸಿದ್ದರು. 2000ದ ಫೆಬ್ರವರಿಯಲ್ಲಿ ಆ ನಾಲ್ವರು ಪೊಲೀಸರು ಖುಲಾಸೆಯಾದರು. ನಾಲ್ಕು ತಿಂಗಳ ನಂತರ ತೆರೆಯ ಮೇಲೆ ಒಬ್ಬ ಕಪ್ಪು ಪೊಲೀಸ್ ಬಿಲ್ಲೆ ಎಸೆದ. ಊರಿನ ಸಿಟ್ಟು ಅಲ್ಲಿ ತಾನಾಗಿ ಚಿತ್ರದೊಳಕ್ಕೆ ಬಂತು.

ಆದರೆ ಬಿಲ್ಲೆ ಎಸೆಯಲು ಮೊದಲು ಬಿಲ್ಲೆ ಇರಬೇಕಲ್ಲ. ಮೂಲ ಶಾಫ್ಟ್ ಎಂದೂ ಇಲಾಖೆಯ ಆಳಾಗಿರಲಿಲ್ಲ. 2000ದ ಚಿತ್ರ ಅವನನ್ನು ಇಲಾಖೆಯೊಳಗೆ ಇಟ್ಟು, ಹೊರಗೆ ತಂದು, ಹೊರಗೆ ಬಂದ ಮೇಲೆಯೂ ಹಳೆಯ ಸಹೋದ್ಯೋಗಿಗಳ ನಡುವೆಯೇ ಓಡಾಡಿಸುತ್ತದೆ. ಪತ್ತೇದಾರಿಕೆ ಹಿಂದಕ್ಕೆ ಸರಿದು ಗುಂಡಿನ ಚಕಮಕಿ ಮುಂದೆ ಬರುತ್ತದೆ. ಚಿತ್ರವನ್ನು ಬದುಕಿಸಿದವರು ಖಳರು. ಜೆಫ್ರಿ ರೈಟ್ ಮಾಡಿದ ಮಾದಕವಸ್ತು ವ್ಯಾಪಾರಿ ಪೀಪಲ್ಸ್ ಹರ್ನಾಂಡೆಸ್‌ನ ಮಾತಿನ ಒಡಕು ಲಯ ಎಲ್ಲರಿಗಿಂತ ಹೆಚ್ಚು ನೆನಪುಳಿಯುತ್ತದೆ. ಕ್ರಿಶ್ಚಿಯನ್ ಬೇಲ್ ಮಾಡಿದ ಶ್ರೀಮಂತನಿಗೆ ಕೊನೆಗೆ ಗುಂಡು ಹಾರಿಸುವವಳೂ ಸತ್ತ ಹುಡುಗನ ತಾಯಿಯೇ, ಶಾಫ್ಟ್ ಅಲ್ಲ. ನಾಯಕನ ಹೆಸರಿನ ಚಿತ್ರದಲ್ಲಿ ಮುಖ್ಯ ಲೆಕ್ಕವನ್ನು ಬೇರೆಯವರು ಚುಕ್ತಾ ಮಾಡುತ್ತಾರೆ. ಇದು ಧೈರ್ಯದ ಆಯ್ಕೆ, ಮತ್ತು ಚಿತ್ರದ ಅತ್ಯಂತ ಪ್ರಾಮಾಣಿಕ ಕ್ಷಣ. ಸುಮಾರು 4.6 ಕೋಟಿ ಡಾಲರ್ ಖರ್ಚಿಗೆ ಜಗತ್ತಿನಾದ್ಯಂತ 10.7 ಕೋಟಿ ಡಾಲರ್ ಗಳಿಕೆಯಾಯಿತು. ಆದರೂ ಮುಂದಿನ ಭಾಗ ಬರಲು ಹತ್ತೊಂಬತ್ತು ವರ್ಷ ಹಿಡಿಯಿತು.

2019ರ ಜೂನಿನಲ್ಲಿ ಬಂದ ಮೂರನೆಯ ‘ಶಾಫ್ಟ್’ ಅಮೆರಿಕದಲ್ಲಿ ಚಿತ್ರಮಂದಿರಗಳಿಗೆ ಬಂತು; ಹೊರದೇಶಗಳ ಹಕ್ಕು ನೆಟ್‌ಫ್ಲಿಕ್ಸ್ ಪಾಲಾಗಿತ್ತು. ಬೆಂಗಳೂರಿನ ಪ್ರೇಕ್ಷಕರಿಗೂ ಅದು ಸಿಕ್ಕಿದ್ದು ಹಾಗೆಯೇ, ದೊಡ್ಡ ತೆರೆಯ ಮೇಲಲ್ಲ, ಮನೆಯ ಸೋಫಾದ ಎದುರು. ನಿರ್ದೇಶನ ಟಿಮ್ ಸ್ಟೋರಿ ಅವರದು. ಮೂರನೆಯ ತಲೆಮಾರಿನ ಜೆಜೆ ಶಾಫ್ಟ್ ಎಫ್.ಬಿ.ಐ.ನಲ್ಲಿ ಕಂಪ್ಯೂಟರ್ ಮುಂದೆ ಕೂತು ದತ್ತಾಂಶ ನೋಡುವವನು. ಬಂದೂಕು ಎಂದರೆ ಆಗದು. ಗೆಳೆಯನ ಸಾವಿನ ಬೆನ್ನು ಹತ್ತಿ, ತನ್ನನ್ನು ಬಿಟ್ಟುಹೋದ ತಂದೆಯ ಬಳಿಗೆ ಹಾರ್ಲೆಮ್‌ಗೆ ಹೋಗುತ್ತಾನೆ. ಕೊನೆಯ ಹೊತ್ತಿಗೆ ತಾತನೂ ಸೇರಿಕೊಳ್ಳುತ್ತಾನೆ. 2000ದಲ್ಲಿ ಜಾಕ್ಸನ್ ಪಾತ್ರಕ್ಕೆ ಚಿಕ್ಕಪ್ಪನೋ ದೊಡ್ಡಪ್ಪನೋ ಆಗಿದ್ದ ರೌಂಡ್‌ಟ್ರೀ ಈಗ ಹೆತ್ತ ತಂದೆ ಎಂದಾಗುತ್ತಾರೆ. ಚಿತ್ರ ಅದನ್ನೂ ಒಂದು ಜೋಕಿನಲ್ಲಿ ಮುಗಿಸುತ್ತದೆ. ರೌಂಡ್‌ಟ್ರೀ ಹುಟ್ಟಿದ್ದು 1942ರಲ್ಲಿ, ಜಾಕ್ಸನ್ 1948ರಲ್ಲಿ. ಅಪ್ಪನಿಗೂ ಮಗನಿಗೂ ಆರು ವರ್ಷದ ಅಂತರ. ಸಿನಿಮಾದಲ್ಲಿ ಇಂಥವು ನಡೆಯುತ್ತವೆ, ಕನ್ನಡದವರು ಮಾತಾಡುವಂತಿಲ್ಲ.

ತಲೆಮಾರುಗಳ ನಡುವಿನ ತಿಕ್ಕಾಟವೇ ಈ ಚಿತ್ರದ ಹಾಸ್ಯ. ಮಗನ ಬಟ್ಟೆ, ಮಗನ ಊಟ, ಮಗನ ಸಭ್ಯ ಮಾತು ಎಲ್ಲವನ್ನೂ ಅಪ್ಪ ಗೇಲಿ ಮಾಡುತ್ತಾನೆ. ಗಂಡಸು ಎಂದರೆ ಹೀಗಿರಬೇಕು ಎಂದು ಪಾಠ ಹೇಳುತ್ತಾನೆ. ಸಲಿಂಗಿಗಳ ಬಗೆಗಿನ ಕೀಳು ಜೋಕುಗಳಿಗಾಗಿ ವಿಮರ್ಶಕರು ಚಿತ್ರವನ್ನು ತರಾಟೆಗೆ ತೆಗೆದುಕೊಂಡರು. 1971ರ ಆ ಬಾರ್‌ನ ದೃಶ್ಯ ಇಲ್ಲಿ ನೆನಪಾಗಬೇಕು. ‘ಹಳೆಯ ಕಾಲದ ಮನುಷ್ಯ ಹಾಗೇ ಇರುತ್ತಾನೆ’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ, ಯಾಕೆಂದರೆ ಹಳೆಯ ಕಾಲದ ಮನುಷ್ಯ ಹಾಗಿರಲಿಲ್ಲ. ಮರುಸೃಷ್ಟಿ ಮಾಡಿದವರು ಮೂಲ ಚಿತ್ರವನ್ನಲ್ಲ, ಮೂಲ ಚಿತ್ರದ ಬಗ್ಗೆ ಜನರಲ್ಲಿದ್ದ ಮಸುಕು ನೆನಪನ್ನು ನಕಲು ಮಾಡಿದ್ದರು. ಅಮೆರಿಕದ ಚಿತ್ರಮಂದಿರಗಳಲ್ಲಿ ಗಳಿಕೆ 2.1 ಕೋಟಿ ಡಾಲರಿನ ಆಸುಪಾಸಿಗೆ ನಿಂತಿತು.

ಕೊನೆಯಲ್ಲಿ ಮೂವರು ಶಾಫ್ಟ್‌ಗಳು ಉದ್ದ ಕೋಟು ತೊಟ್ಟು ಒಟ್ಟಿಗೆ ನಡೆದು ಬರುತ್ತಾರೆ. ಜೆಜೆ ಎಫ್.ಬಿ.ಐ. ಬಿಟ್ಟಿದ್ದಾನೆ, ಕೋಟು ಹಾಕಿಕೊಂಡಿದ್ದಾನೆ. 1971ರಲ್ಲಿ ಆ ಕೋಟು ಚಳಿಗೆ ತೊಟ್ಟದ್ದು. ಅದರ ಹಿಂದೆ ಒಂದು ಊರಿತ್ತು, ಅವನನ್ನು ಹತ್ತಿಸಿಕೊಳ್ಳದೆ ಹೋದ ಟ್ಯಾಕ್ಸಿ ಇತ್ತು, ದಾರಿಯಲ್ಲಿ ಸುದ್ದಿ ಕೊಡುವ ಕುರುಡ ಮಾರ್ಟಿ ಇದ್ದ. 2019ರಲ್ಲಿ ಅದು ಮನೆತನದ ಸಮವಸ್ತ್ರ.

ಈ ಕಥೆ ಕನ್ನಡಕ್ಕೆ ಯಾಕೆ ಬೇಕು ಎಂದರೆ, ಇಲ್ಲಿಯೂ ಕೋಟು ತೊಟ್ಟ ಒಬ್ಬ ಪತ್ತೇದಾರ ಕಾಯುತ್ತಿದ್ದಾನೆ. ದೊರೈ-ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಮಾಡಿ ತೆಗೆದ ಚಿತ್ರಗಳು ನಾಲ್ಕು: 1968ರ ‘ಜೇಡರ ಬಲೆ’, ಅದೇ ವರ್ಷದ ‘ಗೋವಾದಲ್ಲಿ ಸಿ.ಐ.ಡಿ. 999’, 1969ರ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ದೊಡ್ಡ ಬಿಡುವಿನ ನಂತರ 1978ರ ‘ಆಪರೇಷನ್ ಡೈಮಂಡ್ ರಾಕೆಟ್’. ಮಾದರಿ ಜೇಮ್ಸ್ ಬಾಂಡ್ ಎಂಬುದನ್ನು ಯಾರೂ ಮುಚ್ಚಿಡಲಿಲ್ಲ. ಪೌರಾಣಿಕ ಕಿರೀಟ, ಭಕ್ತಿಯ ತಂಬೂರಿ, ಹಳ್ಳಿಯ ಪಂಚೆಯಲ್ಲಿ ನೋಡಿದ್ದ ರಾಜ್‌ಕುಮಾರ್ ಸೂಟು-ಬೂಟಿನಲ್ಲಿ ಪಿಸ್ತೂಲು ಹಿಡಿದು ನಿಂತದ್ದೇ ಆ ಹೊತ್ತಿನ ಪ್ರೇಕ್ಷಕರಿಗೆ ಅರ್ಧ ಚಿತ್ರವಾಗಿತ್ತು. ‘ಡೈಮಂಡ್ ರಾಕೆಟ್’ನಲ್ಲಿ ಅವರು ಹಾಡಿದ ಇಂಗ್ಲಿಷ್ ಹಾಡು ಇಂದಿಗೂ ಚಿತ್ರದಿಂದ ಕಳಚಿಕೊಂಡು ಮೊಬೈಲಿಂದ ಮೊಬೈಲಿಗೆ ಓಡಾಡುತ್ತಿದೆ, ಬಹಳ ಸಲ ತಮಾಷೆಯ ವಿಡಿಯೋಗಳಿಗೆ ಹಿನ್ನೆಲೆಯಾಗಿ. ಹೇಯ್ಸ್ ಅವರ ಹಾಡಿಗೆ ಆದದ್ದೇ ಇದಕ್ಕೂ ಆಗಿದೆ.

999ನೇ ಸಂಖ್ಯೆಯ ಮನುಷ್ಯನ ಸ್ಥಾನ ಶಾಫ್ಟ್‌ಗೆ ತದ್ವಿರುದ್ಧ. ಅವನು ಸರ್ಕಾರದ ನೌಕರ. ಅವನ ಬಲವೆಲ್ಲ ಆ ನೌಕರಿಯಿಂದ ಬಂದದ್ದು. ಹೊಸ ಕಾಲಕ್ಕೆ ಒಗ್ಗಲೆಂದು ಅವನನ್ನು ಇಲಾಖೆಯಿಂದ ಸಿಡಿದೆದ್ದ ಒಂಟಿ ಸಲಗ ಮಾಡಿದರೆ, ಶಾಫ್ಟ್‌ಗೆ ಬಿಲ್ಲೆ ಕೊಟ್ಟಷ್ಟೇ ಎಡವಟ್ಟು. ಅಪರಾಧದ ವಿಷಯವೂ ಹಾಗೆಯೇ. 1968 ಚಿನ್ನದ ನಿಯಂತ್ರಣ ಕಾಯ್ದೆ ಬಂದ ವರ್ಷ. ಚಿನ್ನ, ವಜ್ರ, ವಿದೇಶಿ ಗಡಿಯಾರಗಳ ಕಳ್ಳಸಾಗಣೆ ಆಗ ಪತ್ರಿಕೆಯ ದಿನದ ಸುದ್ದಿ. ಕಳ್ಳಸಾಗಣೆದಾರ ಯಾರಿಗೂ ವಿವರಿಸಬೇಕಿಲ್ಲದ ಖಳ. 1990ರಲ್ಲಿ ಆ ಕಾಯ್ದೆ ರದ್ದಾಯಿತು, ಮರುವರ್ಷ ಆರ್ಥಿಕ ಉದಾರೀಕರಣ ಬಂತು, ಹಡಗಿನಲ್ಲಿ ಪೆಟ್ಟಿಗೆ ಇಳಿಸಿಕೊಳ್ಳುವ ಕಪ್ಪು ಕನ್ನಡಕದ ಖಳನ ಹೊಟ್ಟೆಪಾಡು ತಪ್ಪಿತು. ಗೋವಾದ ಮಾತು ಇನ್ನೊಂದು. ಅದು ಪೋರ್ಚುಗೀಸರಿಂದ ಬಿಡುಗಡೆಯಾದದ್ದು 1961ರ ಡಿಸೆಂಬರಿನಲ್ಲಿ. ‘ಗೋವಾದಲ್ಲಿ’ ಎಂಬ ಶೀರ್ಷಿಕೆಗೆ 1968ರಲ್ಲಿ ಹೊರದೇಶದ ಗಂಧವಿತ್ತು. ಇಂದು ಹುಬ್ಬಳ್ಳಿಯ ಹುಡುಗರು ಶನಿವಾರ ಸಂಜೆ ಹೋಗಿ ಭಾನುವಾರ ರಾತ್ರಿ ಬರುವ ಊರು ಅದು. ಹೊಸ 999 ಎಲ್ಲಿಗೆ ಹೋಗಬೇಕು, ಯಾವ ಕಳ್ಳತನದ ಹಿಂದೆ ಹೋಗಬೇಕು ಎಂಬುದು ಮೊದಲು ತೀರ್ಮಾನವಾಗಬೇಕಾದದ್ದು. ಸೂಟಿನ ಬಣ್ಣ ಆಮೇಲೆ.

ಹಳೆಯ ಹೆಸರನ್ನು ಮುಟ್ಟದೆ ಹಳೆಯ ರುಚಿಯನ್ನು ತರುವ ದಾರಿಯೂ ಒಂದಿದೆ, ಕನ್ನಡದಲ್ಲೇ ಅದು ಆಗಿಯೂ ಇದೆ. ‘ಶಾಫ್ಟ್’ ಮೂರನೆಯ ಸಲ ಬಂದ 2019ರಲ್ಲೇ ಜಯತೀರ್ಥ ನಿರ್ದೇಶಿಸಿದ, ರಿಷಬ್ ಶೆಟ್ಟಿ ನಟಿಸಿದ ‘ಬೆಲ್ ಬಾಟಂ’ ಬಂತು. ಪತ್ತೇದಾರಿ ಕಾದಂಬರಿ ಓದಿ ಬೆಳೆದ ದಿವಾಕರ 1980ರ ದಶಕದ ಒಂದು ಠಾಣೆಯಲ್ಲಿ ಪೇದೆ. ಆ ಚಿತ್ರಕ್ಕೆ ಯಾವ ಹಳೆಯ ಚಿತ್ರದ ಹಕ್ಕೂ ಬೇಕಾಗಲಿಲ್ಲ. ನಾಯಕನ ಪತ್ತೇದಾರಿ ಹುಚ್ಚನ್ನೇ ಅದು ಕಥೆ ಮಾಡಿಕೊಂಡಿತು, ಅಣಕವನ್ನು ತಾನೇ ಮೊದಲು ಮಾಡಿ ಮುಗಿಸಿತು. ಪ್ರೇಕ್ಷಕ ನಗುವುದಾದರೆ ಚಿತ್ರದ ಜೊತೆಗೇ ನಗಬೇಕಾಯಿತು.

ರಿಚರ್ಡ್ ರೌಂಡ್‌ಟ್ರೀ 2023ರ ಅಕ್ಟೋಬರ್ 24ರಂದು ಎಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಪಾರ್ಕ್ಸ್ 2006ರಲ್ಲಿ, ಹೇಯ್ಸ್ 2008ರಲ್ಲಿ, ಸಿಂಗಲ್ಟನ್ 2019ರಲ್ಲಿ, ಮೂರನೆಯ ಚಿತ್ರ ಬರುವ ಕೆಲವೇ ವಾರಗಳ ಮೊದಲು. ಭಗವಾನ್ ಅವರೂ 2023ರ ಫೆಬ್ರವರಿಯಲ್ಲಿ ಹೋದರು. ಇನ್ನು ಮುಂದೆ ಈ ಪತ್ತೇದಾರರನ್ನು ಎಬ್ಬಿಸುವವರಿಗೆ, ಒಂದು ದೃಶ್ಯದಲ್ಲಿ ಬಂದು ಹೆಗಲು ತಟ್ಟಿ ಹೋಗಲು ಹಳಬರು ಯಾರೂ ಸಿಗುವುದಿಲ್ಲ.

ಇಂತಿ,
ಒಬ್ಬ ಪ್ರೇಕ್ಷಕ